ಕೇಳಕರ ಸಂಗ್ರಹಾಲಯವೂ ನಮ್ಮ ಮನೆಯ ಅಡಕೊತ್ತೂ

ಪುಣೆಯ ಕನ್ನಡಿಗರ ಮನೆಗೆ ಊರಿನಿಂದ ನೆಂಟರು ಬಂದರೆ ಅವರಿಗೆ ಏನು ತೋರಿಸಬೇಕೆಂಬ ಪ್ರಶ್ನೆ ಮೊದಲ ದಿನವೇ ಏಳುತ್ತದೆ. ಶನಿವಾರವಾಡೆ, ದಗಡೂಶೇಟ ಗಣಪತಿ, ಪರ್ವತಿ, ಸಿಂಹಗಡ ಎಂದು ಪಟ್ಟಿ ಬೆಳೆಯುತ್ತದೆ. ಬಂದವರ ಮೊಣಕಾಲಿನ ಸ್ಥಿತಿ ನೋಡಿ ಪರ್ವತಿಯೂ ಸಿಂಹಗಡವೂ ಪಟ್ಟಿಯಿಂದ ಇಳಿಯುತ್ತವೆ. ಬಾಜೀರಾವ ರಸ್ತೆಯ ಪಕ್ಕ ಶುಕ್ರವಾರ ಪೇಟೆಯಲ್ಲಿರುವ ರಾಜಾ ದಿನಕರ ಕೇಳಕರ ವಸ್ತುಸಂಗ್ರಹಾಲಯದ ಹೆಸರು ಬರುವುದು ಎಲ್ಲಕ್ಕೂ ಕೊನೆಗೆ, ಅದೂ ಮಳೆ ಹಿಡಿದರೆ. ನಾವು ಕುರಕುಂಭದಲ್ಲಿ ಮನೆ ಮಾಡಿ ಹನ್ನೊಂದು ವರ್ಷವಾದರೂ ಅದರ ಮೆಟ್ಟಿಲು ಹತ್ತಿರಲಿಲ್ಲವೆಂದು ಒಪ್ಪಿಕೊಳ್ಳಬೇಕು. ಕುರಕುಂಭದಿಂದ ಸ್ವಾರಗೇಟಿಗೆ ಸುಮಾರು 80 ಕಿಲೋಮೀಟರು; ರವಿವಾರ ಒಂದೇ ರಜೆ ಇದ್ದವರಿಗೆ ಅದು ಸಣ್ಣ ದೂರವಲ್ಲ. ಸೋಲಾಪುರ ಹೆದ್ದಾರಿಯಲ್ಲಿ ಕಲಬುರ್ಗಿಯ ಕಡೆಗೆ ಹೋಗುವ ಕನ್ನಡ ಬೋರ್ಡಿನ ಬಸ್ಸು ಕಂಡರೆ ಸಾಕು, ಪ್ರವಾಸ ಮಾಡಿದಷ್ಟು ತೃಪ್ತಿ ಎಂದು ಇಷ್ಟು ದಿನ ಸುಮ್ಮನಿದ್ದೆವು.

ಕಳೆದ ಶ್ರಾವಣದಲ್ಲಿ ನಮ್ಮ ತಾಯಿಯವರನ್ನೂ ಮಕ್ಕಳಿಬ್ಬರನ್ನೂ ಕರೆದುಕೊಂಡು ಹೋಗಿ ನೋಡಿ ಬಂದೆವು. ಈ ಬರೆಹ ಆ ಸಂಗ್ರಹಾಲಯದ ವಿಮರ್ಶೆ. ಕಥೆ, ಕಾವ್ಯಗಳನ್ನು ವಿಮರ್ಶಿಸುವುದು ವಾಡಿಕೆ. ವಸ್ತುಸಂಗ್ರಹಾಲಯವನ್ನು ವಿಮರ್ಶಿಸುವುದೇನು ಎಂದು ಕೆಲವರು ಕೇಳಬಹುದು. ಆದರೆ ಇದನ್ನು ಸರಕಾರ ತನ್ನಷ್ಟಕ್ಕೆ ಕಟ್ಟಿದ್ದಲ್ಲ. ಒಬ್ಬ ಮನುಷ್ಯ ತನ್ನ ಜೀವಮಾನವಿಡೀ ಒಂದೇ ಭಾವಕ್ಕೆ ಅಂಟಿಕೊಂಡು ಮಾಡಿದ ಕೃತಿ ಇದು. ಕೃತಿಯೆಂದ ಮೇಲೆ ವಿಮರ್ಶೆಗೆ ಅರ್ಹ.

ದಿನಕರ ಗಂಗಾಧರ ಕೇಳಕರರು 1896ರಲ್ಲಿ ಹುಟ್ಟಿದವರು. ಮನೆತನದ ಕಸುಬು ಕನ್ನಡಕದ ಅಂಗಡಿ. ‘ಅಜ್ಞಾತವಾಸಿ’ ಎಂಬ ಹೆಸರಿನಿಂದ ಮರಾಠಿಯಲ್ಲಿ ಕವಿತೆ ಬರೆಯುತ್ತಿದ್ದರು. 1920ರ ಸುಮಾರಿಗೆ ಹಳೆಯ ವಸ್ತುಗಳನ್ನು ಕೂಡಿಹಾಕತೊಡಗಿದ ಅವರಿಗೆ ಒಬ್ಬನೇ ಮಗ, ರಾಜಾ. ಅವನು ಏಳನೆಯ ವಯಸ್ಸಿನಲ್ಲಿ ತೀರಿಕೊಂಡ. ಮುಂದೆ ಇಡೀ ಸಂಗ್ರಹವೇ ಆ ಹುಡುಗನ ಹೆಸರಿನದಾಯಿತು. ಸುಮಾರು ಅರವತ್ತು ವರ್ಷ ದೇಶ ತಿರುಗಿ, ಹಳ್ಳಿಯ ಸಂತೆ, ಬಿದ್ದ ವಾಡೆ, ಮೋಡಕಾ ಅಂಗಡಿ ಎನ್ನದೆ ಹುಡುಕಿ ತಂದ ವಸ್ತುಗಳು ಸುಮಾರು 20,000; ಅವುಗಳಲ್ಲಿ ನೋಡಲು ಇಟ್ಟಿರುವುದು ಸುಮಾರು 2,500 ಮಾತ್ರ. ಕೋಥರೂಡದಲ್ಲಿದ್ದ ಮಸ್ತಾನಿಯ ಮಹಲಿನ ಭಾಗಗಳನ್ನು ತಂದು ಒಳಗೆ ಮತ್ತೆ ನಿಲ್ಲಿಸಿದ್ದಾರೆ. ಎಲ್ಲವನ್ನೂ ಕೇಳಕರರು ಮಹಾರಾಷ್ಟ್ರ ಸರಕಾರಕ್ಕೆ ಒಪ್ಪಿಸಿದರು. 1990ರಲ್ಲಿ ಅವರು ತೀರಿಕೊಂಡರು. ಕನ್ನಡಕ ಮಾರುವವನೊಬ್ಬ ಊರಿಗೆಲ್ಲ ಬೇಡವಾದದ್ದನ್ನು ಇಷ್ಟು ನಿಚ್ಚಳವಾಗಿ ಕಂಡನಲ್ಲ ಎಂದು ನಮಗೆ ಒಳಗೊಳಗೇ ನಗೆ ಬಂತು, ಗೌರವವೂ ಬಂತು.

ಅರಮನೆಯ ವೈಭವ ತೋರಿಸುವ ಸಂಗ್ರಹಾಲಯಗಳು ದೇಶದಲ್ಲಿ ಬೇಕಾದಷ್ಟಿವೆ. ಕೇಳಕರರ ದೊಡ್ಡಸ್ತಿಕೆ ಇರುವುದು ಅಡಿಗೆಮನೆ, ಪಡಸಾಲೆ, ಬಚ್ಚಲುಮನೆಗಳ ಸಾಮಾನು ಕೂಡಿಸಿದ್ದರಲ್ಲಿ. ದೀಪಗಳು, ತೂಗುದೀಪಗಳು, ಬೀಗಗಳು, ಮಸಿಕುಡಿಕೆಗಳು, ಈಳಿಗೆಗಳು, ಎಲೆಯಡಿಕೆಯ ಡಬ್ಬಿಗಳು, ಕಾಲಿನ ಹಿಮ್ಮಡ ಉಜ್ಜುವ ಹಿತ್ತಾಳೆಯ ವಜ್ರಿಗಳು. ಹಿಮ್ಮಡ ಉಜ್ಜುವ ವಸ್ತುವಿನ ಮೇಲೂ ಹಕ್ಕಿ, ಆನೆಗಳನ್ನು ಕೂಡ್ರಿಸಿದ ಕುಶಲಿಗ ಯಾರೋ, ಅದನ್ನು ಹಿಡಿದು ಬಚ್ಚಲಿನಲ್ಲಿ ಕೂತ ಹೆಂಗಸು ಯಾರೋ. ದಿನದ ಕೆಲಸಕ್ಕೆ ಬೇಕಾಗುವುದನ್ನು ಚೆಂದ ಮಾಡಿಕೊಳ್ಳುವುದು ಸಿರಿವಂತರ ಗುತ್ತಿಗೆಯೇನೂ ಆಗಿರಲಿಲ್ಲವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನಾವು ಬೇರೆಲ್ಲೂ ಕಂಡಿಲ್ಲ. ಕನ್ನಡದಲ್ಲಿ ಕೆ. ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ 1942ರಲ್ಲಿ ಬಂದು ಗಂಡಹೆಂಡಿರ ದಿನದ ಮಾತುಕತೆಗೆ ಕಾವ್ಯದಲ್ಲಿ ಒಂದು ಮಣೆ ಹಾಕಿತಲ್ಲ, ಕೇಳಕರರು ವಸ್ತುಗಳಿಗೆ ಹಾಕಿದ್ದು ಅಂಥದೇ ಮಣೆ.

ಇಷ್ಟು ಹೊಗಳಿದ ಮೇಲೆ ನಮ್ಮ ತಕರಾರು ಹೇಳುತ್ತೇವೆ. ಅದು ನಮ್ಮ ತಕರಾರೂ ಅಲ್ಲ, ನಮ್ಮ ತಾಯಿಯವರದು.

ಅಡಕೊತ್ತುಗಳನ್ನು ಸಾಲಾಗಿ ಇಟ್ಟಿರುವ ಗಾಜಿನ ಪೆಟ್ಟಿಗೆಯ ಮುಂದೆ ಅವರು ನಿಂತರು. ಗಿಳಿಯ ಆಕಾರದ್ದು, ಕುದುರೆಯ ಆಕಾರದ್ದು, ಗಂಡುಹೆಣ್ಣು ಜೋಡಿಯಾಗಿ ನಿಂತದ್ದು. ಬಹಳ ಹೊತ್ತು ನೋಡಿ, ಗಿಳಿಯ ಕಡೆಗೆ ಕೈ ಮಾಡಿ, “ಇದು ಯಾರ ಮನೀದಪಾ?” ಎಂದು ಕೇಳಿದರು. ನಾವು ಚೀಟಿ ಓದಿ ಹೇಳಿದೆವು: ಅಡಕೊತ್ತು, ಇಂಥ ಲೋಹ, ಇಂಥ ಶತಮಾನ.

“ಅದಲ್ಲೋ. ಯಾರ ಮನೀದು ಅಂತ ಕೇಳಿದೆ.”

“ಅದನ್ನ ಬರೆದಿಲ್ಲವ್ವಾ.”

“ಹಂಗಾರ ಏನ್ ಬರದಾರು?” ಎಂದು ಅವರು ಮುಂದಿನ ಪೆಟ್ಟಿಗೆಗೆ ಹೋದರು. ಅಲ್ಲಿಂದ ಮುಂದೆ ಚೀಟಿ ಓದಿ ಹೇಳೆಂದು ನಮ್ಮನ್ನು ಕೇಳಲಿಲ್ಲ.

ಬಸ್ಸಿನಲ್ಲಿ ಮರಳಿ ಬರುವಾಗ ಹಡಪಸರ ದಾಟುವವರೆಗೂ ಆ ಮಾತು ನಮ್ಮ ತಲೆಯಲ್ಲಿ ತಿರುಗುತ್ತಿತ್ತು. ನಾವು ನೋಡಿದ ಚೀಟಿಗಳಲ್ಲಿ ವಸ್ತುವಿನ ಹೆಸರು, ಲೋಹ, ಪ್ರಾಂತ, ಕಾಲ ಇದ್ದವು. ಸರಕಾರಿ ಕಚೇರಿಯಲ್ಲಿ ಡೆಡ್ ಸ್ಟಾಕ್ ರಿಜಿಸ್ಟರ್ ಬರೆಯುವವರಿಗೆ ಈ ಕಾಲಮುಗಳ ಪರಿಚಯ ಚೆನ್ನಾಗಿಯೇ ಇದೆ. ಕುರ್ಚಿ ಎಷ್ಟು, ಕಟ್ಟಿಗೆಯದೋ ಕಬ್ಬಿಣದ್ದೋ, ಕೊಂಡ ವರ್ಷ ಯಾವುದು ಎಂದು ನಾವೇ ಬರೆಯುತ್ತೇವೆ. ಆ ಕುರ್ಚಿಯ ಮೇಲೆ ಮೂವತ್ತು ವರ್ಷ ಕೂತು ನಿವೃತ್ತನಾದವನ ಹೆಸರಿಗೆ ರಿಜಿಸ್ಟರಿನಲ್ಲಿ ಕಾಲಮು ಇಲ್ಲ. ಸಂಗ್ರಹಾಲಯಗಳೂ ಇದೇ ರಿಜಿಸ್ಟರನ್ನು ಚೆಂದದ ಅಕ್ಷರದಲ್ಲಿ ಬರೆದಿಟ್ಟಿವೆ.

ಕೇಳಕರರ ಮೇಲೆ ಇದರ ತಪ್ಪು ಹೊರಿಸುವುದು ನ್ಯಾಯವಲ್ಲ. ಹಳೆಯ ಮನೆತನದವರು ಸಾಮಾನು ಮಾರುವುದು ಕಷ್ಟಕ್ಕೆ ಬಿದ್ದಾಗ. ಆಗ ಹೆಸರು ಹೇಳುವುದಿರಲಿ, ಹಿತ್ತಲಬಾಗಿಲಿನಿಂದ ಕೊಟ್ಟು ಕಳಿಸುತ್ತಾರೆ. ವಸ್ತು ಪೇಟೆಗೆ ಬರುವ ಮೊದಲೇ ಹೆಸರು ಕಳಚಿ ಬಿದ್ದಿರುತ್ತದೆ. ಹಾಗೆ ಕಳಚಿಕೊಂಡು ಬಂದವುಗಳನ್ನು ಎತ್ತಿಕೊಂಡು ಕೇಳಕರರು ಎಲ್ಲಕ್ಕೂ ಒಂದೇ ಹೆಸರು ಕೊಟ್ಟರು, ತಮ್ಮ ಮಗನದು. ಹೀಗೆ ನೋಡಿದರೆ ಆ 20,000 ವಸ್ತುಗಳೂ ಸೇರಿ ಒಂದೇ ನೆನಪಿನ ಕಾಣಿಕೆ. ಆದರೆ ಗಿಳಿಯ ಅಡಕೊತ್ತು ರಾಜಾನದಲ್ಲ. ಅದು ಇನ್ನೊಬ್ಬರ ಮನೆಯದು, ಆ ಮನೆಯಲ್ಲೂ ಒಬ್ಬ ರಾಜಾ ಇದ್ದಿರಬಹುದು. ಒಬ್ಬ ತಂದೆಯ ದುಃಖಕ್ಕೆ ಮನೆ ಸಿಕ್ಕಿತು. ಉಳಿದ ಸಾವಿರಾರು ಮನೆಗಳು ಆ ಮನೆಯಲ್ಲಿ ಬಾಯಿಲ್ಲದೆ ಕೂತಿವೆ. ಕೃತಿಯ ಹಿರಿಮೆಯೂ ಕೊರತೆಯೂ ಒಂದೇ ಕಡೆ ಇವೆಯೆಂದು ನಮ್ಮ ಎಣಿಕೆ.

ಹೆಸರು ಬರೆದಿಟ್ಟರೆ ಏನಾಗುತ್ತದೆಂಬುದನ್ನು ತೋರಿಸುವ ಒಂದು ವಿಚಿತ್ರ ಉದಾಹರಣೆ ತುರ್ಕಸ್ತಾನದ ಇಸ್ತಾಂಬುಲ್ ನಗರದಲ್ಲಿದೆ. ಕಾದಂಬರಿಕಾರ ಓರ್ಹಾನ್ ಪಾಮುಕ್ 2008ರಲ್ಲಿ ‘ಮುಗ್ಧತೆಯ ಸಂಗ್ರಹಾಲಯ’ ಎಂಬ ಅರ್ಥದ ಹೆಸರಿನ ಕಾದಂಬರಿ ಬರೆದರು. 2012ರಲ್ಲಿ ಅದೇ ಹೆಸರಿನ ನಿಜವಾದ ಸಂಗ್ರಹಾಲಯವನ್ನೇ ತೆರೆದರು. ಕಾದಂಬರಿಯ ನಾಯಕ ತಾನು ಪ್ರೀತಿಸಿದ ಫ್ಯೂಸುನ್ ಎಂಬ ಹುಡುಗಿ ಮುಟ್ಟಿದ್ದನ್ನೆಲ್ಲ ಕದ್ದು ಕೂಡಿಹಾಕುತ್ತಾನೆ. ಆ ಹುಡುಗಿ ಸೇದಿ ಬಿಟ್ಟದ್ದೆಂದು ಹೇಳುವ 4,213 ಸಿಗರೇಟಿನ ತುಂಡುಗಳನ್ನು ಗೋಡೆಯ ಮೇಲೆ ಸಾಲಾಗಿ ಚುಚ್ಚಿ, ಒಂದೊಂದರ ಕೆಳಗೂ ಕೈಬರಹದ ಟಿಪ್ಪಣಿ ಹಾಕಿದ್ದಾರೆ. ನಾವು ಕಾದಂಬರಿ ಓದಿದ್ದೇವೆ, ಸಂಗ್ರಹಾಲಯವನ್ನು ಚಿತ್ರಗಳಲ್ಲಿ ಮಾತ್ರ ನೋಡಿದ್ದೇವೆ. ಕಾದಂಬರಿ ನಮ್ಮ ರುಚಿಗೆ ತುಸು ಉದ್ದವಾಯಿತು. ನಾಯಕನ ಹಟ ಕೆಲವು ಕಡೆ ಬೇಸರ ತರಿಸುತ್ತದೆ. ಅದಿರಲಿ. ಎಂದೂ ಹುಟ್ಟದ ಹುಡುಗಿಯ ಸಿಗರೇಟಿನ ತುಂಡಿಗೆ ಟಿಪ್ಪಣಿ ಇದೆ. ಹುಟ್ಟಿ, ಬಾಳಿ, ಎಷ್ಟೋ ಸಾವಿರ ಅಡಿಕೆ ಒಡೆದು ಸತ್ತ ಹೆಂಗಸಿನ ಅಡಕೊತ್ತಿಗೆ ಹೆಸರಿಲ್ಲ. ನಮ್ಮ ತಾಯಿಯವರ ಪ್ರಶ್ನೆಯನ್ನು ಇದಕ್ಕಿಂತ ಬಲವಾಗಿ ಹೇಳಲು ನಮಗೆ ಬಾರದು.

ನಮ್ಮ ಜಯಂತ ಕಾಯ್ಕಿಣಿಯವರು ‘ಒಪೆರಾ ಹೌಸ್’ ಎಂಬ ಕಥೆಯಲ್ಲಿ ಈ ಗುಟ್ಟನ್ನು ಬಹಳ ಕಡಿಮೆ ಮಾತಿನಲ್ಲಿ ಹಿಡಿದಿದ್ದಾರೆ. ಮುಂಬಯಿಯ ಆ ಚಿತ್ರಮಂದಿರದಲ್ಲಿ ಕಸ ಗುಡಿಸುವ ಇಂದ್ರನೀಲನಿಗೆ ಪ್ರೇಕ್ಷಕರು ಮರೆತುಹೋದ ಒಂದು ಥರ್ಮಾಸ್ ಫ್ಲಾಸ್ಕು ಸಿಗುತ್ತದೆ. ಫ್ಲಾಸ್ಕು ಬರಿಯ ಫ್ಲಾಸ್ಕಾಗಿ ಉಳಿಯುವುದಿಲ್ಲ. ಅದನ್ನು ಯಾರು, ಯಾರಿಗಾಗಿ ತುಂಬಿಕೊಂಡು ಹೊರಟಿದ್ದರೋ ಎಂಬುದು ಅವನನ್ನು ಬಿಡುವುದಿಲ್ಲ. ನಿಜವಾದ ಒಪೆರಾ ಹೌಸು 1993ರಲ್ಲಿ ಮುಚ್ಚಿ 2016ರಲ್ಲಿ ಹೊಸ ಬಣ್ಣ ಬಳಿದುಕೊಂಡು ತೆರೆಯಿತು. ಕಟ್ಟಡ ಉಳಿಯಿತು, ಒಳ್ಳೆಯದೇ. ಮರೆತ ಫ್ಲಾಸ್ಕನ್ನು ಉಳಿಸಿದ್ದು ಮಾತ್ರ ಕಥೆ.

ಕರ್ನಾಟಕದಲ್ಲಿ ಇಂಥ ಕೆಲಸ ನಡೆದಿಲ್ಲವೆಂದಲ್ಲ. ಎಚ್. ಎಲ್. ನಾಗೇಗೌಡರು ರಾಮನಗರದ ಹತ್ತಿರ ಜಾನಪದ ಲೋಕ ಕಟ್ಟಿದರು. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು, ಬ್ಯಾಂಕಿನಲ್ಲಿ ನೌಕರಿ ಮಾಡಿಕೊಂಡಿದ್ದವರು, ಬೀಳಲಿದ್ದ ಹಳೆಯ ಮನೆಗಳನ್ನು ಕಂಬಕಂಬ ಬಿಚ್ಚಿ ತಂದು ಮತ್ತೆ ಜೋಡಿಸಿ ‘ಹಸ್ತಶಿಲ್ಪ’ದ ಒಂದು ಊರನ್ನೇ ನಿಲ್ಲಿಸಿ 2017ರಲ್ಲಿ ತೀರಿಕೊಂಡರು. ನೌಕರದಾರ ಜಾತಿಗೆ ಸೇರಿದ ನಮಗೆ ಶೆಣೈಯವರ ಮೇಲೆ ಒಂದು ಕೈ ಹೆಚ್ಚೇ ಅಭಿಮಾನ. ಅಲ್ಲಿಯ ಮನೆಗಳಿಗೆ ಊರಿನ ಹೆಸರಾದರೂ ಉಳಿದಿದೆ. ಕುಂಜೂರಿನ ಚೌಕಿಮನೆ ಕುಂಜೂರಿನದಾಗಿಯೇ ಇದೆ. ಹೊಸ್ತಿಲು, ಜಗಲಿ, ಅಂಗಳ ಇರುವಲ್ಲಿ ಇದ್ದರೆ ವಸ್ತು ಅರ್ಧ ಮಾತಾಡುತ್ತದೆ. ಉಳಿದರ್ಧ ಆ ಮನೆಯ ಮುದುಕಿಯ ಬಾಯಲ್ಲಿತ್ತು.

ಈಗ ನಮ್ಮ ಮನೆಯ ಅಡಕೊತ್ತಿಗೆ ಬರೋಣ. ಗಿಳಿಯೂ ಇಲ್ಲ, ಕುದುರೆಯೂ ಇಲ್ಲ. ಹಿತ್ತಾಳೆಯ ಎರಡು ಹಿಡಿ, ಕಬ್ಬಿಣದ ಅಲಗು. ಒಂದು ಹಿಡಿಯ ತುದಿ ಸವೆದು ಓರೆಯಾಗಿದೆ. ಕೀಲಿನ ಮೊಳೆ ಸಡಿಲಾದಾಗ ಒಂದು ಸಲ ಇಂಡಿಯ ಸಂತೆಯಲ್ಲಿ ತಂತಿ ಸುತ್ತಿಸಿದ್ದಾರೆ. ಯಾವ ಸಂಗ್ರಹಾಲಯವೂ ಇದನ್ನು ಒಳಗೆ ಸೇರಿಸಲಾರದು. ಅದು ನಮ್ಮ ತಾಯಿಯವರಿಗೆ ಅವರ ಅತ್ತೆಯಿಂದ ಬಂದದ್ದು. ಮದುವೆಯಾಗಿ ಬಂದ ನಾಲ್ಕನೆಯ ವರ್ಷ, ಒಂದು ಮಧ್ಯಾಹ್ನ ಅತ್ತೆ ಏನೂ ಹೇಳದೆ ಅಡಕೊತ್ತನ್ನು ಸೊಸೆಯ ಕಡೆಗೆ ಸರಿಸಿದರಂತೆ. “ಅವತ್ತಿಂದ ನಾ ಮನೀಯಾಕಿ ಆದೆ” ಎಂದು ಅವರು ಹೇಳುವುದು ಬೀಗದ ಕೈ ಸಿಕ್ಕಿದ್ದಕ್ಕಲ್ಲ, ಅಡಕೊತ್ತು ಸಿಕ್ಕಿದ್ದಕ್ಕೆ. ಊಟವಾದ ಮೇಲೆ ಪಡಸಾಲೆಯಲ್ಲಿ ಆ ಕಟ್ ಕಟ್ ಸದ್ದು ಕೇಳಿದರೆ ಹುಡುಗರಾದ ನಮಗೆ ಗದ್ದಲ ನಿಲ್ಲಿಸುವ ಹೊತ್ತಾಯಿತೆಂದು ಅರ್ಥ. ತಂದೆಯವರು ಎಲೆಗೆ ಸುಣ್ಣ ಹಚ್ಚಿ ಕೈ ಚಾಚುವರು. ಇವರು ನೋಡದೆಯೇ ಎರಡು ಹೋಳು ಇಡುವರು. ಅವರಿಬ್ಬರು ನಮ್ಮೆದುರು ಕೂತು ಮಾತಾಡಿದ್ದನ್ನು ನಾವು ಹೆಚ್ಚು ಕೇಳಿಲ್ಲ. ಆ ಎರಡು ಹೋಳಿನಲ್ಲಿ ಏನು ಇರುತ್ತಿತ್ತೋ ಅದಿಷ್ಟು ಕಂಡದ್ದು.

ವಸ್ತು ಬಳಕೆಯಲ್ಲಿದ್ದರೆ ಮಾತ್ರ ಜೀವಂತ, ಗಾಜಿನ ಹಿಂದೆ ಹೋದರೆ ಸತ್ತಂತೆ ಎಂದು ಇಲ್ಲಿ ಬರೆದುಬಿಡಬಹುದಿತ್ತು. ಹಾಗೆ ಬರೆಯುವವರು ಬಹಳ ಜನ. ಆದರೆ ನಮಗೆ ಅಷ್ಟು ಸಲೀಸಾಗಿ ಅದು ಹೇಳಲು ಬರುವುದಿಲ್ಲ. ಅಡಿಕೆ ಕ್ಯಾನ್ಸರಿಗೆ ಕಾರಣವಾಗುವ ವಸ್ತುವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವೇ 2004ರ ವರದಿಯಲ್ಲಿ ಹೇಳಿದೆ. ಬಿಎಸ್‌ಸಿ ಓದಿದವರು ಅದನ್ನು ಕಿವಿಯ ಮೇಲೆ ಹಾಕಿಕೊಳ್ಳದೆ ಇರುವಂತಿಲ್ಲ. ತಂದೆಯವರಿಗೆ ಬಾಯಿಯ ಹುಣ್ಣು ಮಾಯದೆ ಹೋದಾಗ ಡಾಕ್ಟರು ಮೊದಲು ಬಿಡಿಸಿದ್ದು ಎಲೆಯಡಿಕೆಯನ್ನೇ. ಕೊನೆಯ ಒಂದು ವರ್ಷ ಮಧ್ಯಾಹ್ನದ ಸದ್ದು ಇರಲಿಲ್ಲ. ಆದ್ದರಿಂದ ಅಡಕೊತ್ತಿನ ನೆನಪನ್ನು ನಾವು ಬರಿಯ ಸವಿ ಎಂದು ಬರೆದರೆ ಸುಳ್ಳಾಗುತ್ತದೆ. ನೆನಪಿನ ಸಾಮಾನುಗಳನ್ನು ಕುರಿತು ಬರೆಯುವವರು ಅವೆಲ್ಲ ಜೇನಿನಲ್ಲಿ ಅದ್ದಿದಂತೆ ಬರೆಯುವುದನ್ನು ಓದಿದಾಗ ನಮಗೆ ಕಸಿವಿಸಿಯಾಗುವುದು ಇದೇ ಕಾರಣಕ್ಕೆ. ಮನೆಯ ಹಳೆಯ ವಸ್ತು ಕೆಲವು ಸಲ ಮನೆಯ ಹಳೆಯ ನೋವೂ ಹೌದು.

ಆರು ವರ್ಷ ಅಡಕೊತ್ತು ಟ್ರಂಕಿನಲ್ಲಿತ್ತು. ಹೋದ ಚಳಿಗಾಲದಲ್ಲಿ ನಮ್ಮ ಮನೆಯವರು ಅಂಟಿನುಂಡಿ ಮಾಡಲು ಉತ್ತತ್ತಿ ತಂದರು. ಕಲ್ಲಿನಂಥ ಉತ್ತತ್ತಿ ಚಾಕುವಿಗೆ ಬಗ್ಗಲಿಲ್ಲ. ತಾಯಿಯವರು ಎದ್ದು ಹೋಗಿ ಟ್ರಂಕು ತೆಗೆದರು. ಅಂದಿನಿಂದ ಅದು ಅಡಿಗೆಮನೆಯ ಮೊಳೆಗೆ ತೂಗುಬಿದ್ದಿದೆ. ಉತ್ತತ್ತಿ, ಬದಾಮಿ, ಒಣಕೊಬ್ಬರಿಗೆ ಬರುತ್ತದೆ. ಐದನೆಯ ಇಯತ್ತೆಯ ನಮ್ಮ ಮಗಳು ಆಯಿಯ ಮಗ್ಗುಲಿಗೆ ಕೂತು ಹೋಳು ಎಣಿಸುತ್ತಾಳೆ, ಎಣಿಸಿದ್ದರಲ್ಲಿ ಕೆಲವು ಬಾಯಿಗೂ ಹೋಗುತ್ತವೆ. ವಿಜಯಪುರದ ಕಡೆಯವರಿಗೆ ಆಯಿ ಎಂದರೆ ಅಜ್ಜಿ, ಅವಳ ಶಾಲೆಯ ಗೆಳತಿಯರಿಗೆ ಆಯಿ ಎಂದರೆ ತಾಯಿ. ಆಯಿ ಉತ್ತತ್ತಿ ಒಡೆದು ಕೊಟ್ಟಳೆಂದು ಇವಳು ಹೇಳಿದರೆ ಅವರಿಗೆ ಕಾಣುವ ಚಿತ್ರವೇ ಬೇರೆ. ಸದ್ದು ಮಾತ್ರ ಅದೇ ಕಟ್ ಕಟ್. ಮೊದಲ ದಿನ ಅದನ್ನು ಕೇಳಿ ನಾವು ಕೈಯಲ್ಲಿದ್ದ ಪೇಪರು ಕೆಳಗಿಟ್ಟು ಸುಮ್ಮನೆ ಕೂತೆವು.

ಕೌದಿಯ ಸಂಗತಿ ಬೇರೆ. ಉತ್ತರ ಕರ್ನಾಟಕದ ಮನೆಗಳಿಂದ ಬಂದ ವಾಚಕರಿಗೆ ಕೌದಿ ಎಂದರೇನೆಂದು ಹೇಳಬೇಕಿಲ್ಲ. ಇಲ್ಲಿಯ ನೆರೆಹೊರೆಯವರ ಗೋಧಡಿ ಅದರ ತಂಗಿ. ಹಳೆಯ ಸೀರೆ, ಧೋತರಗಳನ್ನು ಪದರಪದರವಾಗಿ ಹಾಸಿ, ಮೇಲೆ ತುಂಡುಬಟ್ಟೆ ಕೂಡ್ರಿಸಿ, ಅಂಚಿನಿಂದ ಒಳಗೆ ಸುತ್ತುತ್ತ ಹೊಲಿಗೆ ಹಾಕುತ್ತ ಬರುತ್ತಾರೆ. ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಸಿದ್ದಿ ಹೆಂಗಸರು ಮೂಲೆಗಳಿಗೆ ಮಡಿಸಿದ ಬಟ್ಟೆಯ ಹೂ ಇಟ್ಟು ಮಾಡುವ ಕೌದಿಗಳು ಈಚಿನ ವರ್ಷಗಳಲ್ಲಿ ಪರದೇಶದ ಪ್ರದರ್ಶನಗಳಲ್ಲಿಯೂ ಗೋಡೆಗೇರಿವೆ. ನಮ್ಮ ಮನೆಯದಕ್ಕೆ ಅಂಥ ಕುಸುರಿ ಇಲ್ಲ. ಆದರೆ ಅದಕ್ಕೆ ಯಾರೂ ಚೀಟಿ ಬರೆಯಬೇಕಾಗಿಲ್ಲ, ಚೀಟಿಗಳನ್ನೇ ಕೂಡಿಸಿ ಹೊಲಿದಂತಿದೆ. ಇದು ಅತ್ತೆಯ ಇಳಕಲ್ ಸೀರೆಯ ಸೆರಗು, ಇದು ತಂದೆಯವರ ಧೋತರದ ದಡಿ, ಇದು ನಮ್ಮ ಖಾಕಿ ಚಡ್ಡಿ, ಇದು ಅಕ್ಕನ ಪರಕಾರ, ಇದು ಕೂಸಿದ್ದಾಗಲೇ ಹೋದ ತಮ್ಮನ ಕುಂಚಿಗೆ. ಆ ಕೊನೆಯ ತುಂಡನ್ನು ಅವರು ಬೆರಳಿನಿಂದ ಮುಟ್ಟಿ ತೋರಿಸುತ್ತಾರೆ, ಹೆಸರು ಹೇಳುವುದಿಲ್ಲ. ಕೂಸಿಗೆ ಹೆಸರಿಟ್ಟಿರಲಿಲ್ಲ.

ಕೌದಿ ಒಗೆದಷ್ಟೂ ಹರಿಯುತ್ತದೆ, ಒಗೆಯದಿದ್ದರೆ ಹೊದೆಯಲಾಗುವುದಿಲ್ಲ. ಅದನ್ನು ಉಳಿಸುವುದೆಂದರೆ ಬಿಟ್ಟ ಹೊಲಿಗೆಯ ಮೇಲೆ ಹೊಸ ತುಂಡು ಇಡುವುದು. ನಮ್ಮ ಮಗನ ಹಳೆಯ ಅಂಗಿಯ ತುಂಡೊಂದು ಈಗ ಅದರಲ್ಲಿ ಸೇರಿದೆ. ಅವನಿಗೆ ಅದು ಗೊತ್ತಿದೆಯೋ ಇಲ್ಲವೋ. ಹೊದೆಯುವಾಗ ಮಾತ್ರ ಆ ಮಗ್ಗುಲನ್ನೇ ತಲೆಯ ಕಡೆಗೆ ಎಳೆದುಕೊಳ್ಳುತ್ತಾನೆ.

ಇನ್ನು ಹೇಳಲೇಬೇಕಾದ ಒಂದು ಮಾತು ಉಳಿದಿದೆ, ಅದನ್ನು ಬರೆಯಲು ಸಂಕೋಚವಾಗುತ್ತದೆ. ಎರಡು ವರ್ಷದ ಹಿಂದೆ ಊರಿನ ಮನೆ ಪಾಲಾಯಿತು. ಒಂದು ದಿನ ನಾವು ಕಚೇರಿಯಲ್ಲಿ ತಿಂಗಳ ಕೊನೆಯ ಲೆಕ್ಕದಲ್ಲಿ ಮುಳುಗಿದ್ದಾಗ ಅಣ್ಣನ ಫೋನು ಬಂತು: ತಾಮ್ರದ ಹಂಡೆಯನ್ನು ಏನು ಮಾಡೋಣ? ಬಚ್ಚಲ ಒಲೆಯ ಮೇಲೆ ನಾಲ್ಕು ಕೊಡ ನೀರು ಹಿಡಿಯುತ್ತಿದ್ದ ಹಂಡೆ. ಕುರಕುಂಭದ ಎರಡು ಕೋಣೆಯ ಮನೆಯಲ್ಲಿ ಗೀಜರಿದೆ, ಹಂಡೆ ಇಡಲು ಜಾಗವಿಲ್ಲ, ಟ್ರಕ್ಕಿನಲ್ಲಿ ತರಲು ಖರ್ಚು. “ಮಾರಿಬಿಡು” ಎಂದೆವು. ಹೇಳಲು ಅರ್ಧ ನಿಮಿಷವೂ ಹಿಡಿಯಲಿಲ್ಲ. ತೂಕಕ್ಕೆ ಹಾಕಿ ಕಿಲೋ ಲೆಕ್ಕದಲ್ಲಿ ಕೊಟ್ಟರು; ನಮ್ಮ ಪಾಲಿನ ಹಣ ಅಣ್ಣ ಪ್ರಾಮಾಣಿಕವಾಗಿ ಕಳಿಸಿದ. ತಾಯಿಯವರು ಇಲ್ಲಿಗೆ ಬಂದ ಮೇಲೆ ಒಂದೇ ಸಲ ವಿಚಾರಿಸಿದರು: “ತಗ್ಗು ಬಿದ್ದಿದ್ದ ಹಂಡೇನ ಹೋತೇನು?” ಹೌದೆಂದೆವು. ಮತ್ತೆ ಆ ಮಾತು ತೆಗೆದಿಲ್ಲ. ಒಬ್ಬ ಕೇಳಕರ ಆ ಹಂಡೆಯನ್ನು ಯಾವ ಅಂಗಡಿಯಲ್ಲಾದರೂ ಕಂಡು ತಂದಿಟ್ಟಿದ್ದರೆ, ಅದರ ಮುಂದೆ ನಿಂತು ಹೆಸರಿಲ್ಲವೆಂದು ತಕರಾರು ಮಾಡುವ ಅಧಿಕಾರ ನಮಗೆ ಇರುತ್ತಿತ್ತೇ? ಹೆಸರು ಕಳಚಿದವರು ನಾವೇ.

ಸಂಗ್ರಹಾಲಯಗಳ ಮೇಲೆ ಹಾಕಿದ ಕಣ್ಣನ್ನು ನಮ್ಮ ಸಂಘದ ಕಡೆಗೂ ತಿರುಗಿಸದಿದ್ದರೆ ಪಕ್ಷಪಾತವಾದೀತು. ಹೋದ ವರ್ಷ ರಾಜ್ಯೋತ್ಸವದ ದಿನ ಸದಸ್ಯರ ಮನೆಗಳಿಂದ ಹಳೆಯ ವಸ್ತುಗಳನ್ನು ತರಿಸಿ ಪ್ರದರ್ಶನ ಮಾಡಿದ್ದೆವು. ತಂಬಿಗೆ, ಹರಿವಾಣ, ಸೇರು, ಶಾವಿಗೆಮಣೆ, ಕಂದೀಲು, ಎಲ್ಲ ಬಂದವು. ಉತ್ಸಾಹಿ ಕಾರ್ಯಕರ್ತರು ಹಿಂದಿನ ರಾತ್ರಿ ಕೂತು ಪ್ರತಿಯೊಂದನ್ನೂ ಹುಣಸೆಹಣ್ಣು, ಪುಡಿ ಹಾಕಿ ತಿಕ್ಕಿ ಫಳಫಳ ಹೊಳೆಯುವಂತೆ ಮಾಡಿದ್ದರು. ಶ್ರಮವನ್ನು ಮೆಚ್ಚಲೇಬೇಕು. ಆದರೆ ರಸಾಯನಶಾಸ್ತ್ರದ ಒಂದು ಮಾತು: ಹುಣಸೆಯ ಆಮ್ಲ ತಾಮ್ರದ ಮೇಲಿನ ಕಪ್ಪು ಪದರನ್ನು ಕರಗಿಸುತ್ತದೆ, ಆ ಕಪ್ಪು ಮೇಲಿನಿಂದ ಬಂದು ಕೂತ ಕೊಳೆಯಲ್ಲ, ಲೋಹವೇ ಗಾಳಿಯೊಡನೆ ಕೂಡಿ ಆದದ್ದು. ದಿನ ಬಳಸುವ ತಂಬಿಗೆಯನ್ನು ತಿಕ್ಕುವುದು ಸರಿ. ಅರವತ್ತು ವರ್ಷ ಒಂದೇ ಕೈ ಹಿಡಿದು ಹಿಡಿದು ಬಣ್ಣ ತಿರುಗಿದ ಹಿಡಿಕೆಯನ್ನು ಒಂದು ರಾತ್ರಿಯಲ್ಲಿ ಹೊಸದು ಮಾಡಿದರೆ ಪ್ರದರ್ಶನಕ್ಕೆ ಇಡಲು ಉಳಿಯುವುದು ಪಾತ್ರೆ ಅಂಗಡಿಯ ಮಾಲು. ಮೇಲಾಗಿ ಚೀಟಿಗಳಲ್ಲಿ ಬರೆದದ್ದು ‘ಪ್ರಾಚೀನ ತಂಬಿಗೆ’, ‘ಪ್ರಾಚೀನ ಸೇರು’. ಸಂಜೆ ಸಾಮಾನು ಹಿಂದಿರುಗಿಸುವಾಗ ಇಬ್ಬರ ತಂಬಿಗೆ ಅದಲುಬದಲಾದವು. ಹದಿನೈದು ದಿನದ ಮೇಲೆ ಒಬ್ಬ ಅಜ್ಜಿ ಕಂಠದ ಕೆಳಗಿನ ಗೀರನ್ನು ತಡವಿ ನೋಡಿ, ಇದು ನಮ್ಮದಲ್ಲವೆಂದು ಕಂಡುಹಿಡಿದರು. ಪ್ರದರ್ಶನದ ಮೇಜಿನ ಹತ್ತಿರ ಆ ಅಜ್ಜಿಯನ್ನು ಕೂಡ್ರಿಸಿದ್ದರೆ ಬೇರೆ ಚೀಟಿ ಬೇಕಿರಲಿಲ್ಲ. ಅವರಿಗೆ ನಾವು ಕುರ್ಚಿ ಹಾಕಿದ್ದು ಸಭಾಂಗಣದ ಕೊನೆಯ ಸಾಲಿನಲ್ಲಿ, ಫ್ಯಾನಿನ ಕೆಳಗೆ.

ಇದಕ್ಕಿಂತ ಚಿಂತೆ ಹುಟ್ಟಿಸುವುದು ಇನ್ನೊಂದು ಚಾಳಿ. ಊರಿನ ಹಿತ್ತಾಳೆಯನ್ನು ಕಿಲೋ ಲೆಕ್ಕದಲ್ಲಿ ಮಾರಿದ ನಾವೇ ಪುಣೆಯ ಅಂಗಡಿಗಳಲ್ಲಿ ‘ಆಂಟಿಕ್’ ಎಂದು ಯಾರದೋ ಕೊಡವನ್ನು ಹತ್ತುಪಟ್ಟು ಬೆಲೆಗೆ ಕೊಂಡು ಟಿ.ವಿ.ಯ ಪಕ್ಕ ಇಡುತ್ತೇವೆ, ಅದರಲ್ಲಿ ಪ್ಲಾಸ್ಟಿಕ್ ಹೂ. ಕೊಡದ ಕಂಠದ ಮೇಲೆ ಎಷ್ಟೋ ಸಲ ಮನೆಯವರ ಹೆಸರನ್ನು ಚುಕ್ಕಿಚುಕ್ಕಿಯಾಗಿ ಕೊರೆಸಿರುತ್ತಾರೆ. ಮದುವೆಗೆ ಕೊಟ್ಟವರು ಕೊರೆಸಿದ್ದು. ಅದನ್ನು ಗೋಡೆಯ ಕಡೆಗೆ ತಿರುಗಿಸಿ ಇಟ್ಟ ಮನೆಯನ್ನು ನಾವು ಕಣ್ಣಾರೆ ನೋಡಿದ್ದೇವೆ. ಹೆಸರು ಇದ್ದದ್ದನ್ನೂ ಓದಿಸಗೊಡುವುದಿಲ್ಲವೆಂದರೆ ಏನೆನ್ನಬೇಕು?

ಈ ಸಲದ ಪ್ರದರ್ಶನಕ್ಕೆ ವಸ್ತು ಕೊಡುವವರು ಜೊತೆಗೆ ಒಂದು ಕಾರ್ಡು ಬರೆದುಕೊಡಬೇಕೆಂದು ನಾವು ಕಾರ್ಯಕಾರಿ ಸಮಿತಿಗೆ ಬರೆದು ತಿಳಿಸಿದ್ದೇವೆ, ಸಮಿತಿ ಒಪ್ಪಿದೆ. ಶತಮಾನ ಬೇಡ, ಲೋಹ ಬೇಡ. ಯಾರದು, ಯಾವ ಊರಿನದು, ಯಾವ ಹೊತ್ತಿಗೆ ಯಾರ ಕೈಯಲ್ಲಿ ಇರುತ್ತಿತ್ತು, ಗೀರೋ ತಗ್ಗೋ ಇದ್ದರೆ ಹೇಗೆ ಆಯಿತು, ಇಷ್ಟು ಸಾಕು. ತಿಕ್ಕಿ ತರಬಾರದು. ಹಿರಿಯರು ಬರುವಂತಿದ್ದರೆ ತಮ್ಮ ವಸ್ತುವಿನ ಹತ್ತಿರವೇ ಕೂಡ್ರಲು ಕುರ್ಚಿ ಹಾಕಲಾಗುವುದು. ಕಾರ್ಡನ್ನು ಮಕ್ಕಳು ಬರೆದರೆ ಒಳ್ಳೆಯದು, ಕಾಗುಣಿತ ತಪ್ಪಿದರೆ ಯಾರೂ ತಿದ್ದಬಾರದು ಎಂಬುದು ನಮ್ಮ ಸೇರಿಕೆ. ಇದಕ್ಕೆ ಸಮಿತಿಯ ಕನ್ನಡ ಪಂಡಿತರೊಬ್ಬರ ಆಕ್ಷೇಪವಿದೆ, ಚರ್ಚೆ ನಡೆದಿದೆ.

ಹೋದ ರವಿವಾರ ನಮ್ಮ ಮನೆಯಲ್ಲಿ ಈ ಕೆಲಸಕ್ಕೆ ಕೂತೆವು. ತಾಯಿಯವರು ಹೇಳಿದರು, ಮಗಳು ಬರೆದಳು. ಅವಳ ಶಾಲೆಯಲ್ಲಿ ಕನ್ನಡವಿಲ್ಲ. ರಜೆಯಲ್ಲಿ ಸಂಘದ ತರಗತಿಗೆ ಹೋಗಿ ಕಲಿತಷ್ಟೇ ಅಕ್ಷರ. ನಡುನಡುವೆ ದೇವನಾಗರಿ ನುಸುಳುತ್ತಿತ್ತು. ಅಡಕೊತ್ತಿನ ಕಾರ್ಡು ಒಂದು ತಾಸು ಹಿಡಿಯಿತು. ಡಾಕ್ಟರು ಬಿಡಿಸಿದ್ದನ್ನೂ ಬರೆಯಬೇಕೇ ಎಂದು ನಾವು ಅನುಮಾನಿಸಿದೆವು. “ಬರೀಲಿ. ಸುಳ್ಳೇನೈತಿ?” ಎಂದರು ತಾಯಿಯವರು. ಕೌದಿಯ ಕಾರ್ಡಿನಲ್ಲಿ ಜಾಗ ಸಾಲದೆ ಹಿಂದೆ ಮುಂದೆ ಎರಡೂ ಕಡೆ ತುಂಬಿತು. ಕೂಸಿನ ಕುಂಚಿಗೆಯ ಸಾಲು ಬಂದಾಗ ಮಗಳು ಪೆನ್ನು ಎತ್ತಿ, “ಆಯಿ, ಹೆಸರು?” ಎಂದಳು. ತಾಯಿಯವರು ಸ್ವಲ್ಪ ಹೊತ್ತು ಬಿಟ್ಟು, “ಪಾಪು ಅಂತ ಬರೀ” ಎಂದರು.

ಮುಗಿಯಿತೆಂದು ನಾವು ಎದ್ದೆವು. ಅವರು ಏಳಲಿಲ್ಲ.

“ಇನ್ನೊಂದು ಕಾರ್ಡು ತಗೊ. ಹಂಡೇದು.”

“ಹಂಡೆ ಇಲ್ಲಲ್ಲವ್ವಾ ಈಗ” ಎಂದೆವು, ನೆಲ ನೋಡುತ್ತ.

“ತಗ್ಗು ಹೆಂಗ ಬಿತ್ತಂತ ನನಗ ನೆನಪೈತಿ. ಬರೀ ನೀ” ಎಂದು ಮೊಮ್ಮಗಳಿಗೆ ಹೇಳಿ ಶುರುಮಾಡಿದರು: “ಸೀಗೀ ಹುಣ್ಣಿವೀ ದಿನ, ನಿಮ್ಮ ಮುತ್ಯಾ ನೀರ ಕಾಸಾಕ ಹೋಗಿ...”